ಸುಮ್ಮನೆ ಕುಳಿತಿದ್ದ ಒಂದು ಪ್ರೊಸೆಸ್

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಂಪರ್ಕಗಳಿಂದ ಭರ್ತಿಯಾದಾಗ ಬರುವ ದೋಷ ಸಂದೇಶದಲ್ಲಿ ‘ಸಾರಿ’ ಎಂಬ ಪದ ನಿಜವಾಗಿಯೂ ಇದೆ. ಆ ವಿನಯವನ್ನು ಮೆಚ್ಚುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪ್ರತಿ ಸಂಪರ್ಕಕ್ಕೂ ಪೋಸ್ಟ್‌ಗ್ರೆಸ್ ಒಂದೊಂದು ಪ್ರೊಸೆಸ್ ಹುಟ್ಟಿಸುತ್ತದೆ. ಮಿತಿ 100 ಇತ್ತು, ನೂರೂ ತುಂಬಿತ್ತು. ಮಿತಿಯನ್ನು 300 ಮಾಡಿದೆ. ಆ ಬದಲಾವಣೆಗೆ ಸರ್ವರ್ ಮರುಪ್ರಾರಂಭ ಬೇಕು. ಮಾಡಿದೆ, ಎಲ್ಲವೂ ಸರಿಹೋಯಿತು. ಗೆದ್ದದ್ದು ಮರುಪ್ರಾರಂಭ, ಹೆಸರು ಬಂದದ್ದು ನನಗೆ.

ಎರಡನೆಯ ದಿನ ಮುನ್ನೂರೂ ತುಂಬಿದವು. ವಿಚಿತ್ರವೆಂದರೆ ಸಿಪಿಯು ಬಹುತೇಕ ಖಾಲಿ ಕುಳಿತಿತ್ತು. ಅಷ್ಟು ಪ್ರೊಸೆಸ್‌ಗಳಿದ್ದೂ ಕೆಲಸ ಮಾಡುವವರಿಲ್ಲ ಎಂದರೆ ಎಲ್ಲರೂ ಯಾರಿಗಾಗಿಯೋ ಕಾಯುತ್ತಿದ್ದಾರೆ. ಸೂಪರ್‌ಯೂಸರ್‌ಗೆಂದು, ಅಂದರೆ ಎಲ್ಲ ಅಧಿಕಾರವಿರುವ ಖಾತೆಗೆಂದು, ಮೀಸಲಿಟ್ಟ ಮೂರು ಸಂಪರ್ಕಗಳಲ್ಲಿ ಒಂದನ್ನು ಹಿಡಿದು ಒಳಗೆ ಹೋದೆ. (ಅಪ್ಲಿಕೇಶನ್‌ಗೇ ಸೂಪರ್‌ಯೂಸರ್ ಖಾತೆ ಕೊಟ್ಟಿದ್ದರೆ ಆ ಬಾಗಿಲೂ ಮುಚ್ಚಿರುತ್ತಿತ್ತು.)

ಪ್ರೊಸೆಸ್‌ಗಳನ್ನು ತೋರಿಸುವ ಪಿಎಸ್ ಆಜ್ಞೆಯ ಪಟ್ಟಿಯಲ್ಲಿ ಸಾಲುಸಾಲಾಗಿ ‘ಸೆಲೆಕ್ಟ್ ವೇಟಿಂಗ್’, ಅಂದರೆ ಓದಲು ಕಾಯುತ್ತಿರುವವರು. ನಡುವೆ ಒಂದೇ ಒಂದು ‘ಟ್ರಂಕೇಟ್ ಟೇಬಲ್ ವೇಟಿಂಗ್’, ಅಂದರೆ ಕೋಷ್ಟಕವನ್ನು ಬರಿದು ಮಾಡಲು ಕಾಯುತ್ತಿರುವುದು. ಯಾರು ಯಾರನ್ನು ತಡೆದಿದ್ದಾರೆಂದು ಹೇಳುವ ಪಿಜಿ_ಬ್ಲಾಕಿಂಗ್_ಪಿಡ್ಸ್ ಕೇಳಿದಾಗ ಸೆಲೆಕ್ಟ್‌ಗಳೆಲ್ಲ ಆ ಟ್ರಂಕೇಟ್‌ನತ್ತ ಬೆರಳು ತೋರಿಸಿದವು; ಟ್ರಂಕೇಟ್ ತೋರಿಸಿದ್ದು ಮಾತ್ರ ‘ಐಡಲ್ ಇನ್ ಟ್ರಾನ್ಸಾಕ್ಷನ್’ (ವಹಿವಾಟು ತೆರೆದಿಟ್ಟು ಸುಮ್ಮನಿರುವ) ಸ್ಥಿತಿಯ ಇನ್ನೊಂದು ಪ್ರೊಸೆಸ್ಸನ್ನು. ಅದರ ವಹಿವಾಟು ಶುರುವಾಗಿ 40 ನಿಮಿಷ ಕಳೆದಿತ್ತು. ಒಂದು ಸಣ್ಣ ಸೆಲೆಕ್ಟ್ ಮಾಡಿ, ಕಮಿಟ್ ಮಾಡುವ (ವಹಿವಾಟು ಮುಗಿಸುವ) ಮೊದಲೇ ಹೊರಗಿನ ಯಾವುದೋ ಸೇವೆಗೆ ಕರೆ ಹಚ್ಚಿ, ಉತ್ತರಕ್ಕಾಗಿ ಕಾಯುತ್ತ ಕುಳಿತಿತ್ತು. ಕರೆಗೆ ಸಮಯಮಿತಿಯೇ ಇರಲಿಲ್ಲ.

ವಹಿವಾಟು ಮುಗಿಯುವವರೆಗೆ ಅದು ಕೋಷ್ಟಕದ ಮೇಲೆ ಹಾಕಿದ ಲಾಕ್ (ಬೀಗ) ಬಿಡುವುದಿಲ್ಲ. ಓದುವ ಲಾಕ್ ಹಗುರ, ಬೇರೆ ಓದುಗರನ್ನು ತಡೆಯುವುದಿಲ್ಲ. ಆದರೆ ಸಾರಾಂಶ ಕೋಷ್ಟಕವನ್ನು ಬರಿದು ಮಾಡಿ ಮತ್ತೆ ತುಂಬುವ ನಮ್ಮ ನಿಗದಿತ ಕೆಲಸಕ್ಕೆ, ಅಂದರೆ ಆ ಟ್ರಂಕೇಟ್‌ಗೆ, ಇಡೀ ಕೋಷ್ಟಕದ ಮೇಲೆ ಏಕಸ್ವಾಮ್ಯದ ಲಾಕ್ ಬೇಕು. ಅದು ಸರದಿಯಲ್ಲಿ ನಿಂತ ಕ್ಷಣದಿಂದ ಆ ಕೋಷ್ಟಕವನ್ನು ಓದಲು ಬಂದವರೆಲ್ಲ ಅದರ ಹಿಂದೆಯೇ ನಿಲ್ಲಬೇಕು. ಬೇಸತ್ತ ಅಪ್ಲಿಕೇಶನ್ ಹಳೆಯ ಸಂಪರ್ಕ ಬಿಟ್ಟು ಹೊಸದನ್ನು ತೆರೆಯುತ್ತಿತ್ತು. ಲಾಕ್‌ಗಾಗಿ ಕಾಯುವ ಪ್ರೊಸೆಸ್‌ಗೆ ತನ್ನ ಕ್ಲೈಂಟ್ ಎದ್ದುಹೋದದ್ದೇ ತಿಳಿಯುವುದಿಲ್ಲ. ಹೀಗೆ ಬೆಳೆದಿತ್ತು ಸಂಖ್ಯೆ.

ಸುಮ್ಮನೆ ಕುಳಿತಿದ್ದ ಆ ಪ್ರೊಸೆಸ್ ಮೇಲೆ, ಕ್ವೆರಿಯನ್ನು ರದ್ದು ಮಾಡುವ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಪ್ರಯೋಗಿಸಿದೆ, ಏನೂ ಆಗಲಿಲ್ಲ: ನಡೆಯುತ್ತಿರುವ ಕ್ವೆರಿಯೇ ಇಲ್ಲದಿದ್ದರೆ ರದ್ದು ಮಾಡುವುದೇನನ್ನು? ಪಕ್ಕದವರು ‘ಕಿಲ್ ಮೈನಸ್ 9’ ಎಂದರು, ಅಂದರೆ ಪ್ರೊಸೆಸ್ಸನ್ನು ಬಲವಂತವಾಗಿ ಕೊಲ್ಲುವ ಆಜ್ಞೆ. ಬೇಡವೆಂದೆ. ಒಂದು ಪ್ರೊಸೆಸ್ ಹಾಗೆ ಸತ್ತರೆ ಹಂಚಿಕೆಯ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಉಳಿದೆಲ್ಲವನ್ನೂ ಕಡಿದು ಚೇತರಿಕೆಗೆ ಇಳಿಯುತ್ತದೆ. ಪಿಜಿ_ಟರ್ಮಿನೇಟ್_ಬ್ಯಾಕೆಂಡ್‌ನಿಂದ ಆ ಒಂದನ್ನು ಮಾತ್ರ ಮುಗಿಸಿದೆ. ಮುನ್ನೂರರ ಸಾಲು ಕೆಲವೇ ಸೆಕೆಂಡುಗಳಲ್ಲಿ ಕರಗಿತು.

ಆಮೇಲೆ ವಹಿವಾಟು ತೆರೆದಿಟ್ಟು ಸುಮ್ಮನಿರುವವರಿಗೆ 60 ಸೆಕೆಂಡಿನ ಗಡುವು, ಟ್ರಂಕೇಟ್ ಕೆಲಸಕ್ಕೆ 5 ಸೆಕೆಂಡಿನ ಲಾಕ್ ಟೈಮ್‌ಔಟ್ (ಲಾಕ್‌ಗಾಗಿ ಕಾಯುವ ಮಿತಿ) ಹಾಕಿದೆವು. ಹೊರಗಿನ ಕರೆ ಕಮಿಟ್‌ನ ನಂತರಕ್ಕೆ ಹೋಯಿತು. ಸಂಪರ್ಕಗಳನ್ನು ಹಂಚಿ ಬಳಸುವ ಪಿಜಿಬೌನ್ಸರ್ ತಂದರೆ ಹೇಗೆ ಎಂಬ ಮಾತೂ ಬಂತು; ಬೇರೆ ಕಾರಣಗಳಿಗೆ ಒಳ್ಳೆಯದೇ, ಆದರೆ ಈ ಲಾಕನ್ನು ಅದು ಬಿಡಿಸುತ್ತಿರಲಿಲ್ಲ. ಮಿತಿಯನ್ನು ಮತ್ತೆ 100ಕ್ಕೆ ಇಳಿಸಿದೆ, ಈ ಸಲ ಮರುಪ್ರಾರಂಭಕ್ಕೆ ರಾತ್ರಿಯವರೆಗೆ ಕಾದು.