ಮಕ್ಕಳಿಗೆ ಮಾವಿನ ಸೋರ್ಬೆ: ಸಕ್ಕರೆ ಕಮ್ಮಿ ಮಾಡಬೇಡಿ, ಬಟ್ಟಲು ಚಿಕ್ಕದು ಮಾಡಿ

ಸೋರ್ಬೆ ಅಂದರೆ ಹಣ್ಣಿನ ರಸವನ್ನು ಐಸ್‌ಕ್ರೀಮಿನ ಹಾಗೆ ಗಟ್ಟಿ ಮಾಡಿದ್ದು. ಮನೆಯಲ್ಲಿ ಅದನ್ನು ಮಾಡಿದವರ ದೂರು ಹೆಚ್ಚಾಗಿ ಒಂದೇ. ಕಲ್ಲಾಯಿತು, ಚಮಚ ಇಳಿಯಲಿಲ್ಲ, ಮಕ್ಕಳು ಎರಡು ಸಲ ಕೆರೆದು ಎದ್ದು ಹೋದರು. ವಿಚಾರಿಸಿದರೆ ಕಾರಣವೂ ಒಂದೇ. ಮಕ್ಕಳಿಗಲ್ವಾ ಅಂತ ಸಕ್ಕರೆ ಅರ್ಧಕ್ಕರ್ಧ ಇಳಿಸಿರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಸೋರ್ಬೆಯಲ್ಲಿ ಹಾಲಿಲ್ಲ, ಕೆನೆ ಇಲ್ಲ. ಹಣ್ಣು, ನೀರು, ಸಕ್ಕರೆ ಅಷ್ಟೇ. ಅದನ್ನು ಮೆತ್ತಗಿಡುವ ಕೆಲಸ ಪೂರ್ತಿ ಸಕ್ಕರೆಯ ತಲೆಯ ಮೇಲೇ ಬೀಳುತ್ತದೆ.

ನಾನು ದಾವಣಗೆರೆಯಲ್ಲಿ ಬಹಳ ವರ್ಷ ಮೆಡಿಕಲ್ ಶಾಪ್ ನಡೆಸಿದವನು. ಅಂಗಡಿ ಬಿಟ್ಟೆ, ತೂಕ ಮಾಡುವ ಚಟ ಬಿಟ್ಟಿಲ್ಲ. ಅಡುಗೆಮನೆಯಲ್ಲಿ ಪುಟ್ಟ ತಕ್ಕಡಿ ಇಟ್ಟುಕೊಂಡು ಗ್ರಾಂ ಲೆಕ್ಕದಲ್ಲಿ ಸಕ್ಕರೆ ಸುರಿಯುತ್ತಿದ್ದರೆ ನಮ್ಮ ಮನೆಯವರು "ಏನ್ರೀ, ಮತ್ತೆ ಅಂಗಡಿ ತೆಗೆದ್ರಾ?" ಅನ್ನುತ್ತಾರೆ. ಅನ್ನಲಿ. ಚಿತ್ರಾನ್ನಕ್ಕೆ ಕೈಅಳತೆ ಸಾಕು, ಇದಕ್ಕೆ ಸಾಲದು.

ಲೆಕ್ಕ ಹೀಗಿದೆ. ಬರೀ ನೀರು 0 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಸಕ್ಕರೆ ಕರಗಿದ ನೀರು ಗಟ್ಟಿಯಾಗಲು ಅದಕ್ಕಿಂತ ಜಾಸ್ತಿ ತಣ್ಣಗಾಗಬೇಕು. ನೀರಿನ ಕಣಗಳು ಒಂದಕ್ಕೊಂದು ಸೇರಿ ಹರಳು ಕಟ್ಟಲು ಹೋದಾಗ ಸಕ್ಕರೆ ನಡುವೆ ಬಂದು ಅಡ್ಡ ನಿಲ್ಲುತ್ತದೆ. ಹಾಗಾಗಿ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೂ ಸೋರ್ಬೆಯೊಳಗೆ ಒಂದಷ್ಟು ನೀರು ಪಾಕವಾಗಿಯೇ ಉಳಿದಿರುತ್ತದೆ. ಚಮಚ ಇಳಿಯುವುದು ಆ ಪಾಕದಿಂದ. ಹಣ್ಣಿನದೂ ನೀವು ಹಾಕಿದ್ದೂ ಸೇರಿ, ಒಟ್ಟು ತೂಕದ ನೂರಕ್ಕೆ 25ರಿಂದ 30 ಭಾಗ ಸಕ್ಕರೆ ಇರಬೇಕು. 20ಕ್ಕಿಂತ ಕೆಳಗಿಳಿದರೆ ಕಲ್ಲು. 35 ದಾಟಿದರೆ ಗಟ್ಟಿಯೇ ಆಗದೆ ಅಂಟಂಟಾಗಿ ಕೂರುತ್ತದೆ.

ಅಷ್ಟು ಸಿಹಿ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿ. ಕಿತ್ತಳೆ, ನಿಂಬೆ ರುಚಿ ಸೇರಿಸಿದ್ದು ಬೇಡ, ಸಾದಾದ್ದೇ ಕೇಳಿ. ಗ್ಲೂಕೋಸಿನ ಕಣ ಸಕ್ಕರೆಯ ಕಣಕ್ಕಿಂತ ಸುಮಾರು ಅರ್ಧದಷ್ಟು ಚಿಕ್ಕದು. ಅಂದರೆ ಅಷ್ಟೇ ತೂಕದಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು ಕಣಗಳು ಇರುತ್ತವೆ, ನೀರು ಗಟ್ಟಿಯಾಗದಂತೆ ತಡೆಯುವ ಶಕ್ತಿಯೂ ಅಷ್ಟೇ ಜಾಸ್ತಿ. ಸಿಹಿ ಮಾತ್ರ ಸಕ್ಕರೆಯ ಮುಕ್ಕಾಲು ಪಾಲು. ಹಾಕಬೇಕಾದ ಸಕ್ಕರೆಯಲ್ಲಿ ಐದರಲ್ಲಿ ಒಂದು ಭಾಗ ತೆಗೆದು ಇದನ್ನು ಹಾಕಿದರೆ ಸಿಹಿ ಸ್ವಲ್ಪ ತಗ್ಗುತ್ತದೆ, ಮೆದು ಹೆಚ್ಚುತ್ತದೆ. ಶುಗರ್ ಇದ್ದವರು ಕಾಫಿಗೆ ಹಾಕಿಕೊಳ್ಳುವ ಸಿಹಿ ಮಾತ್ರೆ ಇಲ್ಲಿ ನಡೆಯುವುದಿಲ್ಲ. ಚಿಟಿಕೆಯಲ್ಲಿ ಸಿಹಿ ಬಂದುಬಿಡುತ್ತದೆ, ಅಷ್ಟು ಚಿಟಿಕೆ ನೀರನ್ನು ತಡೆಯುವುದಿಲ್ಲ. ಬೆಲ್ಲ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಿ. ಫ್ರೀಜರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಮಾವಿನ ಘಮ ಮಾತ್ರ ಬೆಲ್ಲದ ಹಿಂದೆ ಬೀಳುತ್ತದೆ.

ಈಗ ಮಾವು. ಬಾದಾಮಿ ಇದ್ದರೆ ಬೇರೆ ಯೋಚನೆ ಬೇಡ. ನಾರಿಲ್ಲ, ತಿರುಳು ದಪ್ಪ. ರಸಪುರಿಗೆ ರಸ ಜಾಸ್ತಿ, ರುಚಿಯೂ ಚೆನ್ನ, ಆದರೆ ಸೋಸಲೇಬೇಕು. ಸೀಸನ್ ಕೊನೆಯಲ್ಲಿ ಬರುವ ಮಲ್ಲಿಕಾ ಕೂಡ ನಾರಿಲ್ಲದ ಹಣ್ಣು, ಬಾದಾಮಿ ಮುಗಿದ ಮೇಲೆ ನಮ್ಮ ಮನೆಗೆ ಅದೇ ಬರುತ್ತದೆ. ತೋತಾಪುರಿಯನ್ನು ಉಪ್ಪು ಖಾರ ಹಚ್ಚಿ ತಿನ್ನಿ, ಇದಕ್ಕೆ ಬೇಡ. ಥಳಥಳ ಹೊಳೆಯುವ ಹಣ್ಣು ಕಂಡರೆ ನನಗೆ ಅನುಮಾನ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧ ಇದ್ದರೂ ಪೂರ್ತಿ ನಿಂತಿಲ್ಲ. ಬಲಿತ ಕಾಯಿ ತಂದು ಹುಲ್ಲಿನಲ್ಲಿ ಅಡೆ ಹಾಕುವುದು ಮೇಲು. ಅಡೆ ಹಾಕಿದ ಮೂಲೆಗೆ ಮಕ್ಕಳು ದಿನಾ ಹೋಗಿ ಮೂಸಿ ನೋಡುತ್ತಾರೆ, ಹಣ್ಣಾಗಿದ್ದು ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿ ಹಾಕಿಡಿ. ತೊಟ್ಟಿನ ಹತ್ತಿರದ ಸೊನೆ ಚೆನ್ನಾಗಿ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ತುಟಿ ಉರಿಯುತ್ತದೆ. ಸಿಪ್ಪೆ ತೆಗೆದು ತಿರುಳು ಬಿಡಿಸಿ 500 ಗ್ರಾಂ ತೂಗಿಕೊಳ್ಳಿ. ವಾಟೆ ಯಾರಿಗೆ ಅನ್ನುವ ಜಗಳ ನಿಮಗೆ ಬಿಟ್ಟಿದ್ದು. 100 ಗ್ರಾಂ ಸಕ್ಕರೆ, 25 ಗ್ರಾಂ ಗ್ಲೂಕೋಸ್ ಪುಡಿಯನ್ನು 100 ಎಂಎಲ್ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಎಳೆ ಪಾಕ ಬೇಡ, ಕರಗಿದ ಕೂಡಲೇ ಇಳಿಸಿ ಆರಲು ಬಿಡಿ. ಗ್ಲೂಕೋಸ್ ಇಲ್ಲದಿದ್ದರೆ ಸಕ್ಕರೆಯನ್ನೇ 125 ಗ್ರಾಂ ಹಾಕಿ.

ತಿರುಳನ್ನು ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಜಾಲರಿಯಲ್ಲಿ ಸೋಸಿ, ಆರಿದ ಪಾಕ ಸೇರಿಸಿ. ಒಂದು ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು. ನಿಂಬೆ ಬಿಡಬೇಡಿ. ಬಾದಾಮಿಯಲ್ಲಿ ಹುಳಿ ಕಮ್ಮಿ, ಬರೀ ಸಿಹಿ ತಣ್ಣಗಾದಾಗ ಸಪ್ಪೆ ಸಪ್ಪೆ ಅನ್ನಿಸುತ್ತದೆ. ಈಗ ರುಚಿ ನೋಡಿ. ಕುಡಿಯಲು ಸ್ವಲ್ಪ ಸಿಹಿ ಜಾಸ್ತಿ ಆಯಿತು ಅನ್ನಿಸಿದರೆ ಸರಿಯಾಗಿದೆ ಅಂತ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಅಷ್ಟು ಗೊತ್ತಾಗುವುದಿಲ್ಲ.

ತಕ್ಕಡಿ ಇಲ್ಲದವರಿಗೆ ಹಳೇ ಪರೀಕ್ಷೆ ಒಂದಿದೆ. ತೊಳೆದ ಹಸಿ ಮೊಟ್ಟೆಯನ್ನು ಚಿಪ್ಪಿನ ಸಮೇತ ಮಿಶ್ರಣದಲ್ಲಿ ಬಿಡುವುದು. ಒಂದು ರೂಪಾಯಿ ನಾಣ್ಯದಷ್ಟು ಚಿಪ್ಪು ಮೇಲೆ ಕಂಡರೆ ಸಕ್ಕರೆ ಹದವಾಗಿದೆ, ಮುಳುಗಿದರೆ ಸಾಲದು, ಜಾಸ್ತಿ ಮೇಲೆ ಬಂದರೆ ನೀರು ಹಾಕಬೇಕು. ತಿಳಿ ರಸಕ್ಕೆ ಇದು ಸರಿಯಾಗಿ ಹೊಂದುತ್ತದೆ, ದಪ್ಪ ತಿರುಳಿಗೆ ಅಷ್ಟಕ್ಕಷ್ಟೆ. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ, ಹಾಗಾಗಿ ನನಗೆ ತಕ್ಕಡಿಯೇ ಗತಿ.

ಮುಂದಿನದು ಗಟ್ಟಿ ಮಾಡುವುದು. ಮಿಕ್ಸಿ ದಾರಿ ಸುಲಭ. ಮಿಶ್ರಣವನ್ನು ಮೊದಲು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಟ್ಟು ಚೆನ್ನಾಗಿ ತಣ್ಣಗೆ ಮಾಡಿ. ಆಮೇಲೆ ಐಸ್ ಟ್ರೇಗಳಿಗೆ ಸುರಿದು ಫ್ರೀಜರಿನಲ್ಲಿ ರಾತ್ರಿಯಿಡೀ ಬಿಡಿ. ಒಂದೇ ಬಾಗಿಲಿನ ಹಳೇ ಫ್ರಿಜ್ಜಾದರೆ ಹಿಂದಿನ ದಿನವೇ ಗುಂಡಿಯನ್ನು ಪೂರ್ತಿ ತಿರುಗಿಸಿಡಿ. ಮಂಜು ದಪ್ಪಗೆ ಕಟ್ಟಿದ್ದರೆ ಕರಗಿಸಿ ತೆಗೆಯಿರಿ, ಆ ಮಂಜೇ ತಣ್ಣನೆಯನ್ನು ತಡೆಯುತ್ತದೆ. ಬೆಳಿಗ್ಗೆ ಮಿಕ್ಸಿ ಜಾರನ್ನೂ ಅರ್ಧ ಗಂಟೆ ಫ್ರೀಜರಿಗೆ ಹಾಕಿ. ತುಂಡುಗಳನ್ನು ಅರ್ಧ ಜಾರಿನಷ್ಟು ಮಾತ್ರ ಹಾಕಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ. ಮೊದಲು ರವೆಯಂತೆ ಪುಡಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಚಮಚದಿಂದ ಒತ್ತಿ, ಇನ್ನೊಂದೆರಡು ಸಲ ತಿರುವಿದರೆ ಒಮ್ಮೆಲೇ ಕೂಡಿಕೊಂಡು ನುಣ್ಣಗಾಗುತ್ತದೆ, ಬಣ್ಣವೂ ಒಂದು ಪಟ್ಟು ತಿಳಿಯಾಗುತ್ತದೆ. ದೊಡ್ಡ ಹರಳು ಒಡೆದು ಸ್ವಲ್ಪ ಗಾಳಿ ಸೇರಿದ ಗುರುತು ಅದು. ತಕ್ಷಣ ಅಗಲವಾದ ಸ್ಟೀಲ್ ಡಬ್ಬಿಗೆ ತುಂಬಿ ಮತ್ತೆ ಒಂದೆರಡು ಗಂಟೆ ಫ್ರೀಜರಿಗೆ. ಜಾರು ಬೆಚ್ಚಗಾದರೆ ಎಲ್ಲ ರಸವಾಗುತ್ತದೆ, ಆದ್ದರಿಂದ ಬೇಗ ಬೇಗ ಮುಗಿಸಿ.

ಇದು ದೊಡ್ಡವರು ಮಾಡಿ ಕೊಡುವ ವಿಧಾನ. ಮಕ್ಕಳೇ ಮಾಡಬೇಕಾದರೆ ಐಸು, ಉಪ್ಪು ಬೇಕು. ಹಾಲು ತರುವ ಹಿಡಿಕೆ ಇರುವ ಸ್ಟೀಲ್ ಕ್ಯಾನು ತಗೊಳ್ಳಿ, ಮುಚ್ಚಳ ಬಿಗಿಯಾಗಿರಬೇಕು. ತಣ್ಣಗಿರುವ ಮಿಶ್ರಣವನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ. ದೊಡ್ಡ ಬಕೆಟ್ಟಿನಲ್ಲಿ ಕ್ಯಾನು ಇಟ್ಟು ಸುತ್ತಲೂ ಒಂದು ಪದರ ಪುಡಿ ಐಸು, ಒಂದು ಪದರ ಹರಳುಪ್ಪು, ಹೀಗೆ ತುಂಬುತ್ತಾ ಬನ್ನಿ. 3 ಕಿಲೋ ಐಸಿಗೆ 1 ಕಿಲೋ ಉಪ್ಪು. ಪುಡಿ ಉಪ್ಪಾದರೂ ನಡೆಯುತ್ತದೆ, ಹರಳುಪ್ಪು ಅಗ್ಗ. ಆಮೇಲೆ ಹಿಡಿಕೆ ಹಿಡಿದು ಕ್ಯಾನನ್ನು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತಿರುಗಿಸುತ್ತಾ ಇರಬೇಕು. ಪಾಳಿ ಹಾಕಿಕೊಡಿ, ಇಲ್ಲದಿದ್ದರೆ ಕ್ಯಾನು ಉರುಳುತ್ತದೆ.

ಉಪ್ಪು ಬಿದ್ದ ಕೂಡಲೇ ಐಸು ಕರಗಲು ಶುರು. ಮೊಮ್ಮಗಳು ಅಲ್ಲೇ ಹಿಡಿದಳು. "ಅಜ್ಜ, ಐಸ್ ಕರಗೋಗ್ತಿದೆ, ಮತ್ತೆ ಹೆಂಗೆ ತಣ್ಣಗಾಗುತ್ತೆ?" ಕೇಳಬೇಕಾದ ಪ್ರಶ್ನೆಯೇ. "ಕರಗೋಕೆ ಅದಕ್ಕೆ ಬಿಸಿ ಬೇಕು ಪುಟ್ಟಿ. ಆ ಬಿಸಿನ ಕ್ಯಾನಿಂದ ಕಿತ್ಕೊಳ್ತಿದೆ" ಅಂದೆ. ಬರೀ ಐಸು ಕರಗುವಾಗ 0 ಡಿಗ್ರಿಯಲ್ಲೇ ನಿಲ್ಲುತ್ತದೆ. ಉಪ್ಪು ಬೆರೆತರೆ ಮೈನಸ್ 10, 15ರವರೆಗೂ ಇಳಿಯುತ್ತದೆ. ಬಕೆಟ್ಟಿನ ಹೊರಮೈಗೆ ಮಂಜು ಕೂರುತ್ತದೆ, ಮಕ್ಕಳು ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುತ್ತಾರೆ. ಒಳಗಿನ ಐಸನ್ನು ಮಾತ್ರ ಬರಿಗೈಯಲ್ಲಿ ಹಿಡಿಯಲು ಬಿಡಬೇಡಿ, ಚರ್ಮ ಸುಟ್ಟ ಹಾಗಾಗುತ್ತದೆ. ಹತ್ತಿ ಬಟ್ಟೆ ಸುತ್ತಿ ಕೊಡಿ.

ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಕೆರೆಯಬೇಕು. ತೆಗೆಯುವ ಮುಂಚೆ ಮುಚ್ಚಳದ ಸುತ್ತ ಒರೆಸಿ, ಉಪ್ಪು ನೀರು ಒಂದು ಹನಿ ಬಿದ್ದರೂ ಕೆಟ್ಟಿತು. ಕ್ಯಾನಿನ ಗೋಡೆಗೆ ಮೊದಲು ತೆಳ್ಳಗೆ ಹಳದಿ ಪದರ ಕಟ್ಟಿರುತ್ತದೆ, ಮಧ್ಯದಲ್ಲಿ ಇನ್ನೂ ರಸವೇ. ಮರದ ಸೌಟಿನಿಂದ ಪದರ ಕೆರೆದು ನಡುವಿಗೆ ತಳ್ಳಿ. ಮೊದಮೊದಲು ಚೂರುಗಳು ತೇಲಿ ಕರಗಿಬಿಡುತ್ತವೆ. ಬರಬರುತ್ತಾ ಕರಗುವುದು ನಿಲ್ಲುತ್ತದೆ, ರಸ ಗಂಜಿಯ ಹದಕ್ಕೆ ಬರುತ್ತದೆ, ಆಮೇಲೆ ಸೌಟು ನೆಟ್ಟಗೆ ನಿಲ್ಲುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ. ಫ್ರೀಜರಿಗಿಂತ ಇದು ನುಣ್ಣಗೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬೇಗ ಗಟ್ಟಿಯಾಗುತ್ತದೆ, ಒಂದೇ ಸಮನೆ ಕದಡುತ್ತಿರುತ್ತೀರಿ, ಹರಳಿಗೆ ಬೆಳೆಯಲು ಪುರುಸೊತ್ತೇ ಇರುವುದಿಲ್ಲ. ಹೊರಗಿನಿಂದ ತಂದ ದೊಡ್ಡ ಐಸು ಗಡ್ಡೆ ತಿನ್ನುವುದಕ್ಕಲ್ಲ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಉಳಿದ ಉಪ್ಪು ನೀರನ್ನು ಬಚ್ಚಲಿಗೆ ಚೆಲ್ಲಿ. ಗಿಡದ ಬುಡಕ್ಕೆ ಹಾಕಿದರೆ ಗಿಡ ಹೋಯಿತು.

ಬೇರೆ ಹಣ್ಣುಗಳಲ್ಲಿ ಕಲ್ಲಂಗಡಿಯೇ ತೊಂದರೆಯದು. ಅದರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನೀರು, ತಿರುಳಿಗೆ ದಪ್ಪವೇ ಇಲ್ಲ. 500 ಗ್ರಾಂ ರಸಕ್ಕೆ 120 ಗ್ರಾಂ ಸಕ್ಕರೆ, 30 ಗ್ರಾಂ ಗ್ಲೂಕೋಸ್ ಬೇಕು. ಬೇರೆ ನೀರು ಸೇರಿಸಬೇಡಿ, ಒಂದು ಬಟ್ಟಲು ರಸವನ್ನೇ ಬೆಚ್ಚಗೆ ಮಾಡಿ ಸಕ್ಕರೆ ಕರಗಿಸಿ. ಒಂದು ನಿಂಬೆಹಣ್ಣು ಹಿಂಡಿ. ಇಷ್ಟಾದರೂ ಮಾವಿನಷ್ಟು ನುಣ್ಣಗೆ ಬರುವುದಿಲ್ಲ. ಅದಕ್ಕೆ ನಾನು ಕಲ್ಲಂಗಡಿಯನ್ನು ಅಗಲ ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆದು ಹರಳು ಹರಳಾಗಿಯೇ ಕೊಡುತ್ತೇನೆ. ಕರಬೂಜಕ್ಕೂ ಇದೇ ಲೆಕ್ಕ, ನಿಂಬೆ ಇನ್ನಷ್ಟು ಬೇಕು.

ಬೆಂಗಳೂರು ನೀಲಿ ದ್ರಾಕ್ಷಿ ಸಿಕ್ಕರೆ ಬಿಡಬೇಡಿ. ಸಿಪ್ಪೆ ಸಮೇತ ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಕಿವುಚಿ ಸೋಸಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ. 500 ಗ್ರಾಂ ರಸಕ್ಕೆ 75 ಗ್ರಾಂ ಸಕ್ಕರೆ, 20 ಗ್ರಾಂ ಗ್ಲೂಕೋಸ್ ಸಾಕು. ಮಕ್ಕಳಿಗೆ ನಾಲಿಗೆ ನೇರಳೆ ಬಣ್ಣವಾಗುವುದೇ ಅರ್ಧ ಖುಷಿ. ಅನಾನಸ್ ಚೆನ್ನಾಗಿ ಬರುತ್ತದೆ, ನಾರು ಸೋಸಿ. ಸಪೋಟ ನುಣ್ಣಗೇನೋ ಬರುತ್ತದೆ, ಬಣ್ಣ ನೋಡಿ ಯಾವ ಮಗುವೂ ಮುಟ್ಟುವುದಿಲ್ಲ.

ಇನ್ನು ಬಟ್ಟಲಿನ ವಿಷಯ. 60 ಗ್ರಾಂ ಸೋರ್ಬೆಯಲ್ಲಿ ಹಣ್ಣಿನದೂ ಸೇರಿ ಸುಮಾರು 16 ಗ್ರಾಂ ಸಕ್ಕರೆ ಇರುತ್ತದೆ, ಹೆಚ್ಚುಕಮ್ಮಿ ನಾಲ್ಕು ಟೀ ಚಮಚ. ಒಂದು ಮಗುವಿಗೆ ಅಷ್ಟು ಸಾಕು. ಪಾಯಸದ ದೊಡ್ಡ ಬಟ್ಟಲು ಒಳಗಿಡಿ, ಉಪ್ಪಿನಕಾಯಿ ಬಡಿಸುವಂಥ ಪುಟ್ಟ ಬಟ್ಟಲು ತೆಗೆಯಿರಿ, ಅದು ತುಂಬಿ ತುಳುಕುವಂತೆ ಕೊಡಿ. ತುಂಬಿದ ಬಟ್ಟಲಿನ ಮುಂದೆ ಯಾವ ಮಗುವೂ ಗ್ರಾಂ ಲೆಕ್ಕ ಕೇಳುವುದಿಲ್ಲ. ವರ್ಷ ತುಂಬದ ಕೂಸಿಗೆ ಇದು ಬೇಡ. ಸಕ್ಕರೆ ಬದಲು ಜೇನುತುಪ್ಪ ಹಾಕಿದ್ದಂತೂ ಬೇಡವೇ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಅಷ್ಟು ಎಳೆ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಮೇಲೆ ಅಲಂಕಾರಕ್ಕೆ ಇಡೀ ದ್ರಾಕ್ಷಿ ಇಡಬೇಡಿ, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತಣ್ಣಗಿನದು ತಿಂದರೆ ಶೀತ ಆಗುತ್ತದೆ ಅನ್ನುವ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಶೀತ ಬರುವುದು ವೈರಸ್ಸಿನಿಂದ. ನಮ್ಮ ಮನೆಯವರು ಒಪ್ಪಿಲ್ಲ, ಸಂಜೆ ಆರರ ಮೇಲೆ ಡಬ್ಬಿ ತೆಗೆಯುವ ಹಾಗಿಲ್ಲ.

ಡಬ್ಬಿಯಲ್ಲಿ ಸೋರ್ಬೆಯ ಮೇಲೆ ಬಟರ್ ಪೇಪರ್ ಒತ್ತಿ ಮುಚ್ಚಿದರೆ ಮೇಲೆ ಮಂಜು ಕೂರುವುದಿಲ್ಲ. ತಾರೀಖು ಬರೆದ ಚೀಟಿ ಅಂಟಿಸಿ, ಹತ್ತು ದಿನದೊಳಗೆ ಮುಗಿಸಿ. ಆಮೇಲೆ ಕೆಡುತ್ತದೆ ಅಂತಲ್ಲ, ಹರಳು ದಪ್ಪವಾಗುತ್ತಾ ಹೋಗುತ್ತದೆ. ಬಡಿಸುವ ಐದು ನಿಮಿಷ ಮುಂಚೆ ಹೊರಗೆ ತೆಗೆದಿಡಿ. ಕರೆಂಟ್ ಹೋಗಿ ಸ್ವಲ್ಪ ಕರಗಿ, ಇನ್ನೂ ಐಸಿನಷ್ಟು ತಣ್ಣಗಿದ್ದರೆ ಮತ್ತೆ ಗಟ್ಟಿ ಮಾಡಿ ಮಿಕ್ಸಿಗೆ ಹಾಕಿ, ಮೊದಲಿನಂತಾಗುತ್ತದೆ. ಪೂರ್ತಿ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡುವುದಕ್ಕಿಂತ, ತಣ್ಣಗಿರುವಾಗಲೇ ಸೋಡಾ ಬೆರೆಸಿ ಕುಡಿದುಬಿಡಿ. ಮಾವಿಗಿಂತ ದ್ರಾಕ್ಷಿಯದು ಅದಕ್ಕೆ ಚೆನ್ನ.