ಗ್ಲಯೋಬ್ಲಾಸ್ಟೋಮಾ: ಮಲೆನಾಡಿನ ಮನೆಯಲ್ಲಿ ಟೆಮೊಝೊಲಮೈಡ್ ಕೊಡುವಾಗ

ಗ್ಲಯೋಬ್ಲಾಸ್ಟೋಮಾ ಮಿದುಳಿನ ಕ್ಯಾನ್ಸರ್ ಗಡ್ಡೆ, ಟೆಮೊಝೊಲಮೈಡ್ ಅದಕ್ಕೆ ನುಂಗಿಸುವ ಕೀಮೋ ಕ್ಯಾಪ್ಸೂಲ್. ಆಪರೇಷನ್ನಲ್ಲಿ ತೆಗೆದ ಗಡ್ಡೆಯ ಚೂರು ಪೆಥಾಲಜಿ ಲ್ಯಾಬಿನಲ್ಲಿ ಮೇಣದ ಬ್ಲಾಕ್ ಆಗಿ ಉಳಿದಿರುತ್ತದೆ. ಈ ಔಷಧಿ ಎಷ್ಟು ಫಲಿಸೀತು ಎಂಬ ಸುಳಿವು ಕೊಡುವ ಎಂಜಿಎಂಟಿ ಮಿಥೈಲೇಷನ್ ಪರೀಕ್ಷೆಗೆ ಬೇಕಾದದ್ದು ಅದೇ. ಬ್ಲಾಕ್ ಹೊರಗಿನ ಲ್ಯಾಬಿಗೆ ಹೋಗಬೇಕೇ ಎಂದು ಡಿಸ್ಚಾರ್ಜ್ ದಿನವೇ ಕೇಳಿ. ಹೊಸನಗರ ಸೇರಿದ ಮೇಲೆ ನೆನಪಾದರೆ ಅದಕ್ಕೊಂದು ದಿನ ಮತ್ತೆ ಬಸ್ಸು ಹತ್ತಬೇಕು.

ಔಷಧಿ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಮಾಡಿದ ಗಾಯವನ್ನು ಎಂಜಿಎಂಟಿ ಪ್ರೋಟೀನು ರಿಪೇರಿ ಮಾಡಿಬಿಡುತ್ತದೆ. ಆ ಪ್ರೋಟೀನಿನ ಜೀನಿನ ಬಾಗಿಲಲ್ಲಿ ಮಿಥೈಲ್ ಗುಂಪು ಎಂಬ ಸಣ್ಣ ರಾಸಾಯನಿಕ ತುಣುಕುಗಳು ಕೂತಿದ್ದರೆ (ಇದೇ ಮಿಥೈಲೇಷನ್) ಪ್ರೋಟೀನು ತಯಾರಾಗದು, ಗಾಯ ಹಾಗೇ ಉಳಿಯುತ್ತದೆ. ಡಿಎನ್‌ಎ ಅಕ್ಷರ ಬದಲಾಗದೆ ಜೀನು ಬಾಯಿ ಮುಚ್ಚುವ ಇದು ಎಪಿಜೆನೆಟಿಕ್ ಸಂಗತಿ. 2005ರ ಅಧ್ಯಯನದಲ್ಲಿ ಮಿಥೈಲೇಟೆಡ್ ಗಡ್ಡೆಯವರ ಮೀಡಿಯನ್ (ಅರ್ಧದಷ್ಟು ಜನ ದಾಟಿದ) ಆಯಸ್ಸು ರೇಡಿಯೇಷನ್ ಜೊತೆ ಈ ಔಷಧಿ ಸಿಕ್ಕಾಗ 21.7 ತಿಂಗಳು, ಬರೀ ರೇಡಿಯೇಷನ್ನಿಗೆ 15.3. ಮಿಥೈಲೇಟೆಡ್ ಅಲ್ಲದವರಲ್ಲಿ 12.7 ಮತ್ತು 11.8.

ರೇಡಿಯೇಷನ್ ನಡೆಯುವ ಆರು ವಾರ ಮೈಯ ಹೊರ ವಿಸ್ತಾರದ ಚದರ ಮೀಟರಿಗೆ ದಿನಕ್ಕೆ 75 ಮಿಲಿಗ್ರಾಂ, ಭಾನುವಾರವೂ ಬಿಡದೆ. 1.6 ಚದರ ಮೀಟರಿನವರಿಗೆ 120: ಒಂದು 100, ಒಂದು 20. ನಾಲ್ಕು ವಾರ ಬಿಡುವು. ಆಮೇಲೆ 28 ದಿನಕ್ಕೆ ಐದೇ ದಿನ, ಮೊದಲ ಸಲ 150ರ ಲೆಕ್ಕ, ರಕ್ತಕಣಗಳು ತೀರಾ ಇಳಿಯದಿದ್ದರೆ ಮುಂದಿನ ಸಲದಿಂದ 200. ಎಡವುವುದು ಇಲ್ಲೇ: ದಿನಾ ನುಂಗಿ ರೂಢಿಯಾದವರು ಆರನೇ ದಿನವೂ ನುಂಗುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಐದು ದಿನಕ್ಕೆ ಸುತ್ತು ಹಾಕಿ, ಕ್ಯಾಪ್ಸೂಲ್ ಎಣಿಸಿಡಿ.

ರಾತ್ರಿ ಗಂಜಿ ಉಂಡು ಎರಡು ತಾಸಾದ ಮೇಲೆ ವಾಂತಿ ತಡೆಯುವ ಮಾತ್ರೆ ಒಂಡಾನ್ಸೆಟ್ರಾನ್, ಅರ್ಧ ತಾಸು ಬಿಟ್ಟು ಕ್ಯಾಪ್ಸೂಲ್, ಇಡಿಯಾಗಿ ನೀರಿನೊಂದಿಗೆ. ವಾಂತಿಯಾದರೆ ಆ ದಿನ ಮತ್ತೆ ಕೊಡಬೇಡಿ. ಬಿಚ್ಚಿ ಬೆಲ್ಲದಲ್ಲಿ ಕಲಸುವುದಂತೂ ಬೇಡವೇ ಬೇಡ. ಆ ಪುಡಿ ಕೊಡುವವರಿಗೂ ವಿಷ. ಬಸುರಿ ಮುಟ್ಟಕೂಡದು. ಮಳೆಗಾಲದ ತೇವಕ್ಕೆ ಡಬ್ಬಿ ಬಚ್ಚಲ ಪಕ್ಕ ಇಡಬೇಡಿ.

28 ದಿನದ ಪ್ರತಿ ಸುತ್ತಿನ 22ನೇ ದಿನ ರಕ್ತ ಪರೀಕ್ಷೆ. ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ 1,00,000 ದಾಟದೆ ಮುಂದಿನ ಸುತ್ತು ಶುರುವಾಗುವುದಿಲ್ಲ.

ಫಿಟ್ಸಿಗೆ ಕೊಡುವ ವ್ಯಾಲ್ಪ್ರೋಯೇಟ್ ಕೂಡ ಎಪಿಜೆನೆಟಿಕ್ ಔಷಧಿ, ಗಡ್ಡೆಗೂ ಒಳ್ಳೆಯದು ಎಂಬ ಮಾತಿದೆ. ದೊಡ್ಡ ಪ್ರಯೋಗಗಳ ಲೆಕ್ಕ ಒಟ್ಟು ಹಾಕಿದಾಗ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಪ್ಲೇಟ್‌ಲೆಟ್ ಇಳಿಸುವ ಗುಣ ಮಾತ್ರ ಅದಕ್ಕಿದೆ. ಫಿಟ್ಸ್ ಮಾತ್ರೆಯನ್ನು ನೀವಾಗಿ ಬದಲಿಸಬೇಡಿ.

100.4 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ಬಸ್ಸಿಗೆ ಕಾಯಬೇಡಿ, ಆ ರಾತ್ರಿಯೇ ಹೊರಡಿ. ಬೇಸಿಗೆಯಲ್ಲಿ ಮಂಗನ ಕಾಯಿಲೆಯೂ ಜ್ವರ ತಂದು, ಈ ಔಷಧಿಯ ಹಾಗೆಯೇ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡನ್ನೂ ಇಳಿಸುತ್ತದೆ. ಮನೆಯವರು ಕಾಡಿಗೆ, ತರಗೆಲೆಗೆ ಹೋಗಿದ್ದರೋ, ಹತ್ತಿರ ಮಂಗ ಸತ್ತಿತ್ತೋ, ಕೀಮೋದ ಎಷ್ಟನೇ ದಿನವೋ, ಮೂರನ್ನೂ ಡ್ಯೂಟಿ ಡಾಕ್ಟರಿಗೆ ಹೇಳಿ.