ನಾಯಿಯ ಹಲ್ಲು ಹಾಳಾದಾಗ: ತುಟಿ ಎತ್ತಿ ನೋಡುವುದರಿಂದ ಬಿಲ್ ಕಟ್ಟುವವರೆಗೆ

ನಾಯಿಯ ಬಾಯಿ ನಾರುವುದು ಸಹಜ ಎಂದೇ ನಾನು ಬಹಳ ಕಾಲ ನಂಬಿದ್ದೆ. ನಮ್ಮ ನಾಯಿ ಒಂದು ದಿನವೂ ಊಟ ಬಿಟ್ಟಿರಲಿಲ್ಲ. ತಲೆಯನ್ನು ತುಸು ಓರೆ ಮಾಡಿ ಎಡಗಡೆಯಿಂದಲೇ ಅಗಿಯುತ್ತಿತ್ತು, ಗಟ್ಟಿ ತುಣುಕನ್ನು ಬಾಯಿಗೆ ಹಾಕಿಕೊಂಡು ಮತ್ತೆ ನೆಲಕ್ಕೆ ಬೀಳಿಸುತ್ತಿತ್ತು. ಅದನ್ನು ಆಟ ಎಂದುಕೊಂಡೆ. ಬಲಗಣ್ಣಿನ ಕೆಳಗೆ ಗೋಲಿಯಷ್ಟು ಊತ ಬಂದಾಗ ಕಣ್ಣಿಗೆ ಏನೋ ಆಗಿದೆ ಎಂದು ಓಡಿದರೆ, ಪಶುವೈದ್ಯರು ಕಣ್ಣನ್ನು ಬಿಟ್ಟು ತುಟಿ ಎತ್ತಿದರು. ಮೇಲ್ದವಡೆಯ ದೊಡ್ಡ ಹಲ್ಲು ಸೀಳಿತ್ತು. ಮೂರು ಬೇರಿನ ಆ ಹಲ್ಲಿನ ಬುಡ ಇರುವುದೇ ಕಣ್ಣಿನ ಕೆಳಗೆ. ಅಲ್ಲಿ ಕೀವು ತುಂಬಿತ್ತು.

‘ತಿನ್ನುತ್ತಿದೆಯಲ್ಲ, ನೋವು ಇರಲಾರದು’ ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಹಸಿದ ನಾಯಿ ನೋವು ನುಂಗಿಕೊಂಡೇ ತಿನ್ನುತ್ತದೆ.

ಮೊದಲು ನೀವೇ ನೋಡಿ

ಬಾಯಿ ಅಗಲಿಸುವ ಸಾಹಸ ಬೇಡ. ನಾಯಿ ಆರಾಮಾಗಿ ಮಲಗಿರುವಾಗ ಬಾಯಿ ಮುಚ್ಚಿದ್ದಂತೆಯೇ ಒಂದು ಬದಿಯ ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿ, ಹಿಂದಕ್ಕೆ ಸರಿಸಿ. ಬೆಳೆದ ನಾಯಿಗೆ 42 ಹಲ್ಲುಗಳು. ಮುಂದಿನವು ಬೆಳ್ಳಗಿವೆ ಎಂದು ಸಮಾಧಾನ ಪಡಬೇಡಿ. ಕೇಡು ಸಾಮಾನ್ಯವಾಗಿ ಅಡಗಿರುವುದು ಹಿಂದೆ, ಕೆನ್ನೆಯ ಬದಿಯಲ್ಲಿ. ಹಲ್ಲಿಗೆ ಕಂದು ಗಾರೆ ಕಟ್ಟಿದೆಯೇ? ಒಸಡಿನ ಅಂಚಿನಲ್ಲಿ ಕೆಂಪು ಗೆರೆ ಎದ್ದಿದೆಯೇ? ಮುರಿದ ಹಲ್ಲಿನ ನಡುವೆ ಗುಲಾಬಿ ಅಥವಾ ಕಪ್ಪು ಚುಕ್ಕೆ ಕಾಣುತ್ತಿದೆಯೇ? ಚುಕ್ಕೆ ಇದ್ದರೆ ಹಲ್ಲಿನ ಒಳಗಿನ ನರ ಬಯಲಾಗಿರುವ ಸಾಧ್ಯತೆ ಹೆಚ್ಚು. ಒಂದೇ ಹೊಳ್ಳೆಯಿಂದ ಸುರಿಯುವ ಸಿಂಬಳ, ಬಿಡದ ಸೀನು ಕೂಡ ಹಲ್ಲಿನ ದೂರೇ ಇರಬಹುದು.

ಮುಖ ಊದಿದ್ದರೆ, ಬಾಯಿ ಮುಚ್ಚಲಾಗದಿದ್ದರೆ, ರಕ್ತ ನಿಲ್ಲದಿದ್ದರೆ, ಊಟ ಬಿಟ್ಟಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಪುಟ್ಟ ತಳಿಗಳಲ್ಲಂತೂ ಒಸಡಿನ ರೋಗ ಮೂಳೆಯನ್ನು ಸವೆಸಿ, ಸಣ್ಣ ಪೆಟ್ಟಿಗೇ ಕೆಳದವಡೆ ಮುರಿಯುವುದುಂಟು. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಮಗೆ ಆಗುವ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು.

ಅರಿವಳಿಕೆ ಏಕೆ ಬೇಕು

ಎಚ್ಚರವಿರುವ ನಾಯಿಯ ಬಾಯಿ ನೋಡಿ ವೈದ್ಯರು ಹೇಳುವುದು ಅಂದಾಜು ಮಾತ್ರ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಒಸಡು, ಮೂಳೆಗಳೊಳಗೆ ಹುದುಗಿರುತ್ತದೆ. ಅರಿವಳಿಕೆ ಕೊಟ್ಟು, ಪ್ರತಿ ಹಲ್ಲಿನ ಸುತ್ತ ತೆಳುವಾದ ಅಳತೆ ಕಡ್ಡಿ ಇಳಿಸಿ ಒಸಡು ಎಷ್ಟು ಬಿಟ್ಟುಕೊಂಡಿದೆ ಎಂದು ಅಳೆದು, ಎಕ್ಸ್‌ರೇ ತೆಗೆದ ಮೇಲೆಯೇ ನಿಜ ತಿಳಿಯುವುದು. ಒಸಡು ಬರೀ ಊದಿಕೊಂಡಿದ್ದರೆ ಸ್ವಚ್ಛಗೊಳಿಸಿದರೆ ಸರಿಹೋಗುತ್ತದೆ. ಹಲ್ಲಿಗೆ ಆಧಾರವಾದ ಮೂಳೆ ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ ಸಾಮಾನ್ಯವಾಗಿ ಕೀಳುವುದೇ ದಾರಿ. ಆ್ಯಂಟಿಬಯೋಟಿಕ್ ಊತ ಇಳಿಸುತ್ತದೆ, ಕೆಟ್ಟ ಹಲ್ಲು ಅಲ್ಲೇ ಉಳಿಯುತ್ತದೆ, ಊತ ಮರಳಿ ಬರುತ್ತದೆ.

ಅರಿವಳಿಕೆ ಇಲ್ಲದೆ ಅಗ್ಗವಾಗಿ ಹಲ್ಲು ಉಜ್ಜಿಕೊಡುವವರೂ ಇದ್ದಾರೆ. ಒಳಗೆ ಗೆದ್ದಲು ಇಟ್ಟುಕೊಂಡು ಗೋಡೆಗೆ ಸುಣ್ಣ ಬಳಿದಂತೆ. ಹಲ್ಲು ಹೊಳೆಯುತ್ತದೆ, ಮಾಲೀಕರು ನಿಶ್ಚಿಂತರಾಗುತ್ತಾರೆ, ರೋಗ ಒಸಡಿನ ಕೆಳಗೆ ಬೆಳೆಯುತ್ತಲೇ ಇರುತ್ತದೆ. ಇನ್ನು ‘ವಯಸ್ಸಾಗಿದೆ, ಅರಿವಳಿಕೆ ತಡೆಯುವುದಿಲ್ಲ’ ಎಂದು ನಾವೇ ತೀರ್ಪು ಕೊಡಬಾರದು. ರಕ್ತ ಪರೀಕ್ಷೆ, ಹೃದಯದ ತಪಾಸಣೆ ನೋಡಿ ವೈದ್ಯರು ಹೇಳಲಿ.

ಖರ್ಚಿನ ಮಾತು

ಇಲ್ಲಿ ಸಂಕೋಚ ಬೇಡ. ಅಂದಾಜು ಪಟ್ಟಿಯನ್ನು ಬರಹದಲ್ಲಿಯೇ ಕೇಳಿ. ಕನಿಷ್ಠ, ಗರಿಷ್ಠ ಎರಡೂ ಇರಲಿ. ರಕ್ತ ಪರೀಕ್ಷೆ, ಅರಿವಳಿಕೆ, ಎಕ್ಸ್‌ರೇ, ಸ್ವಚ್ಛತೆ, ಹಲ್ಲು ಕೀಳುವುದು, ಔಷಧ, ಮರುತಪಾಸಣೆ ಎಲ್ಲವೂ ಬೇರೆ ಬೇರೆಯಾಗಿ ಕಾಣಬೇಕು. ಬಿಲ್ ಏರುವುದು ಕೀಳುವ ಸಾಲಿನಲ್ಲಿ. ಒಂಟಿ ಬೇರಿನ ಅಲುಗಾಡುವ ಹಲ್ಲು ಸುಲಭವಾಗಿ ಬರುತ್ತದೆ. ಮೂರು ಬೇರಿನದಕ್ಕೆ ಒಸಡು ಬಿಡಿಸಿ, ಹಲ್ಲನ್ನು ತುಂಡರಿಸಿ, ಒಂದೊಂದೇ ಬೇರು ತೆಗೆದು ಹೊಲಿಗೆ ಹಾಕಬೇಕು. ‘ಯಾವ ಹಲ್ಲು ಖಚಿತ, ಯಾವುದು ಅನುಮಾನ?’ ಎಂದು ಕೇಳಿದರೆ ಪಟ್ಟಿಯ ಗುಟ್ಟು ಅರ್ಧ ತಿಳಿಯುತ್ತದೆ. ಎಕ್ಸ್‌ರೇ ನಂತರ ಪಟ್ಟಿ ಬೆಳೆದರೆ ಕೀಳುವ ಮೊದಲು ಫೋನ್ ಮಾಡಿ ಎಂದು ತಿಳಿಸಿ, ಆ ಹೊತ್ತಿನಲ್ಲಿ ಫೋನ್ ಕೈಯಲ್ಲೇ ಇಟ್ಟುಕೊಂಡಿರಿ. ನಾಯಿ ಅರಿವಳಿಕೆಯಲ್ಲಿ ಮಲಗಿರುವಾಗ ಯಾರೂ ನಿಮ್ಮನ್ನು ಹುಡುಕುತ್ತಾ ಕೂರಲಾಗದು.

ಹಣ ಸಾಲದಿದ್ದರೆ ಎಕ್ಸ್‌ರೇಯನ್ನೋ ನೋವಿನ ಔಷಧವನ್ನೋ ಕತ್ತರಿಸಬೇಡಿ, ಚಿಕಿತ್ಸೆಯ ವಿಧಾನ ಬದಲಿಸಿ. ಮುರಿದ ಹಲ್ಲನ್ನು ರೂಟ್ ಕೆನಾಲ್ ಮಾಡಿ ಉಳಿಸಬಹುದು, ಆದರೆ ಕೀಳುವುದು ಸಾಮಾನ್ಯವಾಗಿ ಅಗ್ಗ, ನೋವೂ ಮುಗಿಯುತ್ತದೆ. ಕೀವಿರುವ, ನೋಯುವ ಹಲ್ಲುಗಳನ್ನು ಈಗ ತೆಗೆಸಿ ಉಳಿದವನ್ನು ಇನ್ನೊಮ್ಮೆ ನೋಡಿಕೊಳ್ಳಬಹುದು. ಎರಡು ಸಲ ಅರಿವಳಿಕೆಗೆ ಒಟ್ಟು ಖರ್ಚು ಹೆಚ್ಚಾದರೂ ಹಣ ಹೊಂದಿಸಲು ಸಮಯ ಸಿಗುತ್ತದೆ. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಕಂತಿನಲ್ಲಿ ಕಟ್ಟಬಹುದೇ ಎಂದು ಚಿಕಿತ್ಸೆಗೆ ಮೊದಲೇ ಕೇಳಿ. ರೋಗ ಕಾಣಿಸಿದ ಮೇಲೆ ಮಾಡಿಸಿದ ವಿಮೆ ಆ ರೋಗಕ್ಕೆ ಒದಗುವುದು ಅಪರೂಪ. ಕೈಯಲ್ಲಿ ಎಷ್ಟಿದೆ ಎಂದು ನಾನು ನೇರವಾಗಿ ಹೇಳಿದ ದಿನವೇ ವೈದ್ಯರು ಪಟ್ಟಿಯನ್ನು ಹೊಸದಾಗಿ ಬರೆದುಕೊಟ್ಟರು. ಎರಡು ವಾರ ಮೊದಲೇ ಹೇಳಬಹುದಿತ್ತು.

ಮನೆಗೆ ಬಂದ ಮೇಲೆ

ಸುಮಾರು ಎರಡು ವಾರ ಮೆತ್ತನೆಯ ಊಟ. ಹಗ್ಗ ಎಳೆದಾಡುವ ಆಟ ಬೇಡ. ಹೊಲಿಗೆ ಸಾಮಾನ್ಯವಾಗಿ ತಾನಾಗಿ ಕರಗುತ್ತದೆ. ವೈದ್ಯರು ಒಪ್ಪಿದ ಮೇಲೆ ಉಜ್ಜಲು ಶುರು ಮಾಡಿ, ದಿನವೂ ಉಜ್ಜಿ. ಹಲ್ಲಿನ ಮೇಲಿನ ಲೋಳೆ ಎರಡು ಮೂರು ದಿನಗಳಲ್ಲೇ ಗಾರೆಯಾಗಿ ಗಟ್ಟಿಯಾಗುವುದರಿಂದ ವಾರಕ್ಕೊಮ್ಮೆಯ ಬ್ರಷ್ ಹೆಚ್ಚು ಉಪಯೋಗಕ್ಕೆ ಬಾರದು. ಪೇಸ್ಟ್ ನಾಯಿಗಳಿಗೆಂದೇ ಮಾಡಿದ್ದಿರಲಿ. ನಮ್ಮ ಕೆಲವು ಪೇಸ್ಟ್‌ಗಳಲ್ಲಿರುವ ಝೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ಮಾರಕ. ಅಗಿಯಲು ಕೊಡುವ ವಸ್ತುವಿನ ಮೇಲೆ ಉಗುರು ಒತ್ತಿ ನೋಡಿ, ಗುರುತು ಬೀಳದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ. ನಮ್ಮ ನಾಯಿಯ ಹಲ್ಲು ಸೀಳಿದ್ದು ಒಣಗಿದ ಮೂಳೆಯಿಂದ, ಕೊಟ್ಟವನು ನಾನೇ.

ಅದರ ಬಾಯಲ್ಲಿ ಈಗ ಐದು ಹಲ್ಲುಗಳಿಲ್ಲ. ಮೂರನೇ ವಾರ ತಟ್ಟೆಯ ಮುಂದೆ ಕುಳಿತು ನೋಡಿದೆ: ತಲೆ ಓರೆಯಾಗಿರಲಿಲ್ಲ, ಒಂದು ತುಣುಕೂ ನೆಲಕ್ಕೆ ಬೀಳಲಿಲ್ಲ.